ಫ್ರಿಜ್ ಇರುವ ದಿಕ್ಕು

ನನಗೆ ಬರೆದು ಅಭ್ಯಾಸವಿಲ್ಲ. ತಮಾಷೆ ಹೇಳಿ, ಆಮೇಲೆ ಅದರ ಅರ್ಥವನ್ನೂ ಹೇಳಿ ಕೆಡಿಸುವವನು ನಾನು, ಮೊದಲೇ ಕ್ಷಮಿಸಿಬಿಡಿ. ಆದರೆ ಎರಡು ಧರ್ಮದ ಇಬ್ಬರು ಕುವೈತಿನ ಫರ್ವಾನಿಯಾದ ಒಂದೇ ರೂಮಿನಲ್ಲಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಮಂಗಳೂರು ಕಡೆಯ ಬ್ಯಾರಿ, ಹವಲ್ಲಿಯ ಮೊಬೈಲ್ ಅಂಗಡಿಯಲ್ಲಿ ಕೆಲಸ. ಅಂಗಡಿ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ. ನಡುವಿನ ನಿದ್ದೆಯೊಂದೇ ನನ್ನ ಆಸ್ತಿ. ಅದನ್ನು ತಿನ್ನುವವರು ನನ್ನ ರೂಮ್‌ಮೇಟ್, ಗದಗ ಕಡೆಯ ವೆಲ್ಡರ್. ಇಸ್ಲಾಂ ಎಂದರೇನು ಎಂದು ಅವರಿಗೆ ತಿಳಿಯಬೇಕು, ಅದೂ ನಾನು ದಿಂಬಿಗೆ ತಲೆ ಕೊಟ್ಟ ಮೇಲೆ.

ನಮಾಜು

ದಿನಕ್ಕೆ ಐದು ಹೊತ್ತು ನಮಾಜು. ಮುಖ ಮಕ್ಕಾದ ಕಾಬಾದ ಕಡೆಗಿರಬೇಕು. ನಮ್ಮೂರಿಗೆ ಅದು ಪಶ್ಚಿಮ, ಅಂದರೆ ಕಡಲಿನ ಕಡೆ. ರೂಮಿಗೆ ಬಂದ ಮೊದಲ ದಿನ ಪೆಟ್ಟಿಗೆ ಇಳಿಸಿದವನೇ ಸಮುದ್ರ ಯಾವ ಕಡೆ ಎಂದು ಕೇಳಿದೆ. ಅವರು ಕೈ ತೋರಿಸಿದರು. ನಾನು ಚಾಪೆ ಹಾಸಿದೆ. ಕುವೈತಿನಲ್ಲಿ ಕಡಲು ಪೂರ್ವಕ್ಕಿದೆ, ಮಕ್ಕಾ ಇರುವುದು ನೈಋತ್ಯಕ್ಕೆ. ಇದು ನನಗೆ ಹೊಳೆದಿರಲಿಲ್ಲ. ಎಲ್ಲ ಮುಗಿಸಿ ಚಾಪೆ ಮಡಚುವಾಗ ಅವರು ಮೆಲ್ಲಗೆ, “ಭಾಯಿ, ನಿಮಗಿಂತ ಮೊದಲ ಇದ್ದವರೆಲ್ಲಾ ಅಡಗಿಮನಿ ಫ್ರಿಜ್ ಕಡೆ ಮುಖಾ ಮಾಡತಿದ್ರು,” ಎಂದರು.

ಮೊದಲೇ ಹೇಳಬಾರದಿತ್ತೇ ಎಂದೆ.

“ನಮಾಜ್ ಮಾಡೋರನ್ನ ಮಾತಾಡಸಬಾರದು ಅಂತನೂ ಅವರೇ ಹೇಳಿದ್ರು.”

ಉಪವಾಸ

ರಂಜಾನಿನಲ್ಲಿ ನಸುಕಿನಿಂದ ಸೂರ್ಯ ಮುಳುಗುವವರೆಗೆ ಅನ್ನವಿಲ್ಲ, ನೀರಿಲ್ಲ. ಆದರೆ ಉಪವಾಸ ಎಂಬುದನ್ನೇ ಮರೆತು ತಿಂದರೆ ಅದು ಮುರಿಯುವುದಿಲ್ಲ. ನೆನಪಾದ ಕೂಡಲೇ ನಿಲ್ಲಿಸಬೇಕು, ಅಷ್ಟೆ. ಇದನ್ನೂ ಅವರಿಗೆ ನಿದ್ದೆಗಣ್ಣಲ್ಲೇ ವಿವರಿಸಿದ್ದೆ. ಒಂದು ಮಧ್ಯಾಹ್ನ ಅಂಗಡಿಯಿಂದ ಸುಸ್ತಾಗಿ ಬಂದವನು ಮೇಜಿನ ಮೇಲಿದ್ದ ಬಾಳೆಹಣ್ಣು ಸುಲಿದು ತಿಂದೆ. ಅವರು ಎದುರಿಗೇ ಕುಳಿತಿದ್ದರು. ಇನ್ನೊಂದನ್ನೂ ಸುಲಿದೆ. ಸಿಪ್ಪೆ ಎಸೆಯಲು ಎದ್ದಾಗ ಉಪವಾಸ ನೆನಪಾಯಿತು. ನೋಡುತ್ತ ಸುಮ್ಮನೆ ಕುಳಿತಿದ್ದಿರಲ್ಲ ಎಂದು ಬೇಜಾರು ಮಾಡಿಕೊಂಡೆ.

“ನೆನಪು ಮಾಡಿದ್ರ ನಿಲ್ಲಸಬೇಕಾಗ್ತಿತ್ತಲ್ರೀ. ಹಸದೀರಿ ಅಂತ, ಎರಡನೇದು ಮುಗಿಯೂತನಕಾ ಕಾದೆ.”

ಇವತ್ತು

ಪ್ರತಿ ರಂಜಾನಿನಲ್ಲೂ ನನಗೆ ವಾಸನೆ ಬಡಿಯದಿರಲೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಉಣ್ಣುವವರು, ಈ ಸಲ ಒಂದು ದಿನ ತಾವೂ ಜೊತೆಗೆ ಉಪವಾಸ ಇರುತ್ತೇನೆಂದರು. ಬೇಸಿಗೆ, ಬೇಡ ಎಂದೆ. ಕೇಳಲಿಲ್ಲ. ಇವತ್ತೇ ಆ ದಿನ. ಮಲಗಬೇಡಿ, ಮಾತಾಡಿಸುತ್ತಿರಿ, ಇಲ್ಲದಿದ್ದರೆ ಹೊಟ್ಟೆ ಮಾತಾಡುತ್ತದೆ ಎಂದರು. ದೇವರೊಬ್ಬನೇ, ಮುಹಮ್ಮದರು ಅವನ ದೂತರು ಎಂಬ ಸಾಕ್ಷಿ, ನಮಾಜು, ಬಡವರ ಪಾಲಾದ ಝಕಾತು, ಉಪವಾಸ, ಹಜ್ಜು ಎಂದು ಇಸ್ಲಾಮಿನ ಐದು ಕಂಬಗಳನ್ನೂ ನಿಲ್ಲಿಸಿ ಮುಗಿಸಿದೆ. ಸಂಜೆ ಮಾತ್ರ ಹತ್ತಿರ ಬರಲಿಲ್ಲ. ಕೊನೆಗೆ ಅವರೇ, ಮರೆತು ತಿಂದರೆ ನಡೆಯುತ್ತದೆ ಅಂದಿದ್ದಿರಲ್ಲ ಎಂದರು. ನಡೆಯುತ್ತದೆ ಎಂದೆ.

“ಹಂಗಾರ ನೀವು ಮಲಕೋರಿ. ನೀವು ಹಿಂಗ ನೋಡಕೋತ ಕೂತ್ರ ನಾ ಮರಿಯೋದು ಹೆಂಗ?”

ಅಂತೂ ಮಲಗಲು ಅಪ್ಪಣೆ ಸಿಕ್ಕಿತು. ಈಗ ನೋಡಿದರೆ ನಿದ್ದೆಯೇ ಬರುತ್ತಿಲ್ಲ. ಅದಕ್ಕೇ ಮಂಚದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಬೇಕೆಂದೇ ಮರೆಯುವುದು ಮರೆವಲ್ಲ ಎಂಬುದನ್ನು ಇಲ್ಲಿ ವಿವರಿಸಬೇಕು. ಇಸ್ಲಾಮಿನಲ್ಲಿ ಯಾವ ಕೆಲಸಕ್ಕೂ ನಿಯ್ಯತ್ತು, ಅಂದರೆ ಮನಸ್ಸಿನ ಸಂಕಲ್ಪ ಮುಖ್ಯ. ಸಂಕಲ್ಪ ಎಂದರೆ ಬಾಯಲ್ಲಿ ಹೇಳುವುದಲ್ಲ, ಒಳಗೆ—

ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಎಷ್ಟು ಹೊತ್ತಾದರೂ ಮುಚ್ಚಿದ ಸದ್ದಿಲ್ಲ.

“ಭಾಯಿ, ಸ್ವಲ್ಪ ಎದ್ದ ಬರ್ರಿ ಇಲ್ಲೆ. ನನಗಿನ್ನೂ ಮರೀವಲ್ದು.”