ಒಲೆ ರಾಜ್ಯಪಟ್ಟಿಯಲ್ಲಿದೆ

ಪಾಠ ಹೇಳುವವನು ಹೇಳಿದ್ದನ್ನು ಮನೆಯಲ್ಲೂ ಪಾಲಿಸಬೇಕೆಂದು ಯಾವ ಕಾನೂನೂ ಇಲ್ಲ. ನನ್ನಂಥವರು ಬದುಕಿರುವುದೇ ಅದರಿಂದ. ಚಿಕ್ಕೋಡಿಯ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಡುತ್ತದೆ, ಕೇಂದ್ರ ಸರಕಾರ ಒಪ್ಪಿ ಬರುತ್ತದೆ. ಆದರೆ ವಿಷಯ ರಾಜ್ಯಗಳ ಕೈಯಲ್ಲಿದ್ದು, ದೇಶದೊಳಗೆ ಅದಕ್ಕೊಂದು ಕಾಯ್ದೆ ಆಗದಿದ್ದರೆ, ತೀರ್ಪು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿರುತ್ತದೆ. ಇದನ್ನು ಹೇಳುವಾಗ ಈಚೆಗೆ ನನ್ನ ಧ್ವನಿ ಸಣ್ಣಗಾಗುತ್ತದೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಒಲೆ ಹೊತ್ತಿಸುವುದೂ ಇಲ್ಲ. ಹೆಂಡತಿ ಸುನಂದಾ ಕಾಗವಾಡದಲ್ಲಿ ನೌಕರಿ ಮುಗಿಸಿ ಬಸ್ಸಿಳಿಯುವಾಗ ಕತ್ತಲಾಗಿರುತ್ತದೆ. ಆ ನೇಮ ಆಕೆಗೆ ಸಾಗುವಂಥದ್ದಲ್ಲ. ತಣ್ಣನೆಯ ರೊಟ್ಟಿ ತಿಂದು ತಿಂದು ಬೇಸತ್ತು ಅಥಣಿಯ ತವರಿಗೆ ಹೋದಳು. ಅಲ್ಲಿ ಆಕೆಯ ಸೋದರಮಾವ ನನ್ನನ್ನು ಕರೆಸಿ ಕೂಡಿಸಿಕೊಂಡು, "ದುಡದು ಬರೂ ಹೆಣ್ಮಗಳಿಗೆ ಬಿಸಿ ರೊಟ್ಟಿ ಸಿಗಬೇಕ್ರಿ ಅಳಿಯಂದ್ರ" ಎಂದು ತೀರ್ಪು ಕೊಟ್ಟರು. ನಾನು ಗೋಣು ಹಾಕಿ ಬಂದೆ.

ಆದರೆ ಒಲೆ ಅವ್ವನ ಸುಪರ್ದಿಯದು. ಕೇಳಲು ನನಗೆ ಧೈರ್ಯವೇ ಬರಲಿಲ್ಲ. ಸುನಂದಾ ಫೋನ್ ಮಾಡಿದಾಗಲೆಲ್ಲ, "ಅವ್ವ ಇನ್ನೂ ಒಪ್ಪವಲ್ಲಳು" ಎಂದು ಸಾಗಹಾಕಿದೆ. ಸಂಜೆ ಅವ್ವ ಜಪಮಾಲೆ ಹಿಡಿದು ಕೂತರೆ ಮನೆಯೆಲ್ಲ ಭಣಭಣ. ಟಿವಿಯ ಸುದ್ದಿಯವನು ನಮಸ್ಕಾರ ಎಂದರೆ ನಾನೂ ಕೈಮುಗಿಯುವಷ್ಟಕ್ಕೆ ಬಂದಿದ್ದೆ. ಹೆಂಡತಿ ಇಲ್ಲದ ಮನೆಯಲ್ಲಿ ನನಗೆ ನಿಜವಾಗಿ ಅಳು ಬರುತ್ತಿತ್ತು.

ಕಡೆಗೆ ಸುನಂದಾ ಅವ್ವನಿಗೇ ಫೋನ್ ಮಾಡಿದಳು. ಅವ್ವ ನನ್ನ ಕಡೆ ತಿರುಗಿ, "ನನ್ನ ಯಾರ್ ಕೇಳ್ಯಾರೋ? ನಾ ತಿನ್ನೂದಿಲ್ಲ ಖರೆ, ಆಕಿಗೆ ರೊಟ್ಟಿ ಬಡ್ಯಾಕ ನನಗೇನ್ ಅಡ್ಡಿ?" ಎಂದು ಗದರಿದಳು. ಮರುದಿನ ಸೊಸೆಯನ್ನು ಕರೆತರಲು ತಾನೇ ಅಥಣಿಗೆ ಹೊರಟಳು. ಕೇಂದ್ರವನ್ನು ಬದಿಗೆ ಸರಿಸಿ ರಾಜ್ಯವೇ ತೀರ್ಪು ಪಾಲಿಸಿತು! ಸಂಜೆ ಅಲ್ಲಿಂದ ಫೋನ್: "ಸೊಸಿ ಬರವಲ್ಲಳು. ಗೋಣ ಹಾಕಿದಾವ್ರ ಬಂದು ಕರೀಲಿ ಅಂತಾಳ. ಅಲ್ಲೀತನಕ ನಾನೂ ಇಲ್ಲೇ ಇರ್ತೇನಿ."

ಮಾರನೆಯ ದಿನ ತರಗತಿಯಲ್ಲಿ ಅದೇ ಪಾಠ. ರಾಜ್ಯ ಒಪ್ಪಲಿಲ್ಲವೆಂಬ ನೆಪ ಹೊರಗಿನ ನ್ಯಾಯಾಲಯದ ಮುಂದೆ ನಡೆಯುವುದಿಲ್ಲ, ಹೊಣೆ ದೇಶದ್ದೇ, ಅಂದರೆ ಒಪ್ಪಿ ಬಂದ ಕೇಂದ್ರದ್ದೇ ಎಂದೆ.

"ಹಂಗಾರ ಕೇಂದ್ರ ಈಗ ಏನ್ ಮಾಡ್ಬೇಕ್ರಿ ಸರ್?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಅಥಣಿ ಬಸ್ ಹಿಡೀಬೇಕವ್ವ" ಎಂದೆ.

ಹುಡುಗಿ ಅದನ್ನೂ ಬರೆದುಕೊಂಡಳು.