ಪಟ್ಟಿಯ ಏಳನೆಯ ಹೆಸರು

ಹಲ್ಲಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನಿಗೇ ಹಲ್ಲುನೋವು ಬಂದರೆ ಅದನ್ನು ಮುಚ್ಚಿಡುವುದು ಬಲು ಕಷ್ಟ. ಮೂರು ದಿನದಿಂದ ಅವನು ಯಾರು ಏನಂದರೂ ತುಟಿ ಬಿಚ್ಚದೆ ‘ಹ್ಞೂಂ’ ಎನ್ನುತ್ತಿದ್ದ. ಡಾಕ್ಟರ ಇಕ್ಕಳ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಆ ಬಾಯನ್ನಂತೂ ತೆರೆಯುವಂತಿರಲಿಲ್ಲ.

ಬೆಳಿಗ್ಗೆ ರೋಗಿಗಳ ಪಟ್ಟಿ ನೋಡಿದರೆ ಏಳನೆಯ ಹೆಸರು ಅವನದೇ!

“ಅಕ್ಕಾ, ಇದನ್ಯಾರು ಹಾಕಿದ್ದು?” ಎಂದು ತುಟಿಯಂಚಿನಲ್ಲೇ ಕೇಳಿದ.

“ಡಾಕ್ಟರೇ ಹಾಕಿಸಿದ್ರು ಕಣೋ,” ಎಂದಳು ಕೌಂಟರಿನ ಅಕ್ಕ. “ಯಾಕೆ ಹಂಗೆ ಬೆವರ್ತಿದ್ದೀಯ?”

ಗುಟ್ಟು ರಟ್ಟಾಗಿದೆ! ಡಾಕ್ಟರು ಹಾಕಿಸಿದ ಹೆಸರನ್ನು ಅಳಿಸಿದರೆ ಅಳಿಸಿದವರು ಯಾರೆಂದು ಗೊತ್ತಾಗಿಬಿಡುತ್ತದೆ. ಆದರೆ ಆ ಪಟ್ಟಿಯನ್ನು ಗೋಡೆಯ ಪರದೆಗೂ ಡಾಕ್ಟರ ಮೇಜಿಗೂ ಕಳಿಸುವ ಪ್ರೋಗ್ರಾಮ್ ಬರೆದವನು ಅವನೇ. ಮೂಲ ಪಟ್ಟಿಯನ್ನು ಮುಟ್ಟದೆ, ದಾರಿಯಲ್ಲೇ ಸೌತೆಕಾಯಿ ಹೆಚ್ಚಿದಂತೆ ಏಳನೆಯ ಬಿಲ್ಲೆಯನ್ನು ತೆಗೆದು, ಆಚೀಚೆಯ ತುಂಡುಗಳನ್ನು ಜೋಡಿಸಿದರಾಯಿತು!

ಏಳು ಎಂದು ಒತ್ತಿದ. ಪಟ್ಟಿಯನ್ನು ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತದೆಂಬುದು ಇಕ್ಕಳದ ಭಯದಲ್ಲಿ ಮರೆತೇಹೋಯಿತು. ಅವನ ಹೆಸರು ಅಲ್ಲೇ ಕೂತಿತ್ತು. ಮಾಯವಾದದ್ದು ಎಂಟನೆಯದು: ಡಾಕ್ಟರ ಅತ್ತೆಯದು.

“ನನ್ನ ಹೆಸರು ಎಲ್ಲಿ ಹೋಯ್ತೋ?” ಅತ್ತೆ ಕೌಂಟರ್ ಗುದ್ದಿದರು. “ಬದುಕಿರೋವಾಗ್ಲೇ ಹೊಡೆದುಹಾಕಿದ್ರಾ ಅಳಿಯಂದಿರು?”

“ಒಂದ್ನಿಮಿಷ ಅಮ್ಮಾ, ಈಗ ತಂದುಬಿಟ್ಟೆ!” ಎಂದ ಅವನು.

ಹಲ್ಲಿನ ಜೊತೆಗೆ ಈಗ ಕೆಲಸವೂ ಹೋಗುವ ಹಾಗಿತ್ತು. ಸೊನ್ನೆ, ಒಂದು, ಎರಡು ಎಂದು ಬೆರಳು ಮಡಿಸಿ ಎಣಿಸಿದ; ಅವನ ಹೆಸರು ಆರಕ್ಕೆ ಬಂತು. ಮೂಲ ಪಟ್ಟಿಯನ್ನು ಮತ್ತೆ ಆರರಿಂದ ಏಳರವರೆಗೆ ಕತ್ತರಿಸಿದ. ಈ ಸಲ ತುಂಡು ಕರಾರುವಾಕ್ಕಾಗಿತ್ತು. ಆದರೆ ಗಾಬರಿಯಲ್ಲಿ ಬಿಲ್ಲೆಯನ್ನೇ ತಟ್ಟೆಗೆ ಬಡಿಸಿ, ಮಿಕ್ಕ ಸೌತೆಕಾಯಿಯನ್ನೆಲ್ಲ ಎಸೆದಿದ್ದ. ಗೋಡೆಯ ಪರದೆಯ ಮೇಲೆ ಉಳಿದದ್ದು ಒಂದೇ ಹೆಸರು, ಅವನದು.

“ಓಹೋ, ಇವತ್ತು ಇಡೀ ಆಸ್ಪತ್ರೆ ನಿನಗೊಬ್ಬನಿಗೇನೋ?” ಎಂದರು ಅತ್ತೆ.

ಅಷ್ಟರಲ್ಲಿ ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. “ಬಾರಯ್ಯ ಒಳಗೆ!”

ಕಟುಕನ ಹಿಂದೆ ಹೋಗುವ ಕುರಿಯಂತೆ ಹೋದ.

“ಎರಡು ದಿನದಿಂದ ಕರೀತಿದ್ದೀನಿ, ಹ್ಞೂಂ ಅಂತೀಯ, ಬರೋದಿಲ್ಲ,” ಎಂದು ಡಾಕ್ಟರು ಗದರಿದರು. “ಪಟ್ಟಿಗೆ ಸೇರಿಸಿದ್ರಾದ್ರೂ ಬರ್ತೀಯ ಅಂತ ಹಾಕಿಸ್ದೆ. ನೋಡು, ಈ ಮೌಸ್ ಕೆಲಸ ಮಾಡ್ತಿಲ್ಲ.”

“ಅಯ್ಯೋ, ಅಷ್ಟೇನಾ ಸಾರ್!” ಮೂರು ದಿನದಲ್ಲಿ ಮೊದಲ ಸಲ ಅವನು ಬಾಯ್ತುಂಬ ನಕ್ಕ.

ಡಾಕ್ಟರು ಥಟ್ಟನೆ ದೀಪವನ್ನು ಅವನತ್ತ ತಿರುಗಿಸಿದರು.

“ತಾಳು ತಾಳು, ಬಾಯಿ ಮುಚ್ಚಬೇಡ.” ಇಕ್ಕಳಕ್ಕೆ ಕೈ ಹಾಕುತ್ತ ಮೇಜಿನ ಮೇಲಿದ್ದ ಪಟ್ಟಿಯನ್ನೊಮ್ಮೆ ನೋಡಿದರು. “ಪುಣ್ಯವಂತ ಕಣಯ್ಯ ನೀನು. ಇವತ್ತು ಬೇರೆ ಯಾರೂ ಇಲ್ಲ. ನಿಧಾನವಾಗಿ ಕೀಳೋಣ.”