ಸಾಹೇಬರ ಊರಿನ ಕುಂಬಳಕಾಯಿ

ಈ ಬಿಸಿಲಲ್ಲಿ ದುಡಿದು ಬಂದರೆ ನಗುವುದಕ್ಕೂ ಆಯಾಸ. ಆದರೂ ಇಂಥ ತಮಾಷೆಗಳು ನಡೆಯುತ್ತಲೇ ಇರುತ್ತವೆ. ದೇವರಿಗೆ ನಮ್ಮ ಮೇಲೆ ಅಷ್ಟಾದರೂ ಕರುಣೆ. ಇವನ್ನು ನನಗೆ ಮೊದಲು ಹೇಳಿದವನು ಬಾದಾಮಿ ಕಡೆಯ ಒಬ್ಬ ಡ್ರೈವರ್. ಇಲ್ಲಿ ಕತಾರಿನಲ್ಲಿ, ದೋಹಾದ ಅಬು ಹಮೂರ್ ಬಡಾವಣೆಯಲ್ಲಿ ಇಂಗ್ಲಿಷ್ ಸಾಹೇಬರೊಬ್ಬರ ಗಾಡಿ ಓಡಿಸುತ್ತಾನೆ. ನಮ್ಮ ಮನೆಗೆ ಬಂದು, "ಕಾಕಾ, ಇವತ್ತೇನಾತು ಗೊತ್ತೇನ್ರಿ?" ಅಂದನೆಂದರೆ ನನ್ನ ಸಂಜೆಯ ಜಪ ಅಲ್ಲಿಗೇ ಖಲಾಸ್.

ಹಳೆಯ ಕಿಟಕಿ

ಸಾಹೇಬರ ಊರು ತೀರಾ ಚಿಕ್ಕದಂತೆ. ಒಂದು ಚರ್ಚು, ಒಂದು ಕೆರೆ, ಕೆರೆ ತುಂಬ ಬಾತುಕೋಳಿ. ಮನೆಗಳೆಲ್ಲ ನೂರಾರು ವರ್ಷದವು. ಊರಿನ ಕಮಿಟಿ ಒಪ್ಪದೆ ಕಿಟಕಿಯ ಬಣ್ಣವನ್ನೂ ಬದಲಿಸುವಂತಿಲ್ಲ.

"ನಿಮ್ಮೂರಲ್ಲಿ ಅಷ್ಟು ಹಳೆಯದು ಏನಿದೆ?" ಎಂದು ಸಾಹೇಬರು ನಮ್ಮವನನ್ನು ಕೇಳಿದರಂತೆ.

"ಗುಡಿ ಐತ್ರಿ, ಸಾವಿರ ವರ್ಷದ್ದು."

"ಹೇಗೆ ಕಾಪಾಡುತ್ತೀರಿ?"

"ಕಾಪಾಡೂದೇನ್ರಿ? ಅದರ ಕಂಬಕ್ಕ ಎಮ್ಮಿ ಕಟ್ತೀವಿ. ಗುಡಿನೂ ಬಿದ್ದಿಲ್ಲ, ಎಮ್ಮಿನೂ ಓಡಿಲ್ಲ."

ಹಿತ್ತಲಿನ ಸಾಹೇಬರು

ಆ ಊರಿನಲ್ಲಿ ಬೆದರುಬೊಂಬೆ ನಿಲ್ಲಿಸುವುದೂ ಒಂದು ಹಬ್ಬವಂತೆ. ಊರಿನ ನೆನಪಿಗೆ ಸಾಹೇಬರು ತಮ್ಮದೇ ಕೋಟು, ಟೊಪ್ಪಿಗೆ ತೊಡಿಸಿ ಇಲ್ಲಿಯ ಮನೆಯ ಹಿತ್ತಲಲ್ಲಿ ಒಂದನ್ನು ನೆಟ್ಟರು. ಮರುದಿನ ಬೆಳಿಗ್ಗೆ ನಮ್ಮವನು ಗಾಡಿಯ ಎ.ಸಿ. ಹಾಕಿ, ಬೊಂಬೆಯ ಹಿಂದೆ ಕೈಕಟ್ಟಿ ನಿಂತ.

"ಬೊಂಬೆ ಅಂತ ಹೆಂಗ ಗೊತ್ತಾತೋ?" ಎಂದೆ.

"ತಡಾ ಆದ್ರೂ ಬೈಲಿಲ್ಲಲ್ಲ ಕಾಕಾ, ಆಗ ಸಂಶೆ ಬಂತು."

ಹೊಸ ಗಾಡಿ

ಯಾರ ಕುಂಬಳಕಾಯಿ ದೊಡ್ಡದೋ ಅವರಿಗೆ ಬೆಳ್ಳಿಯ ಬಟ್ಟಲು. ಇದೂ ಆ ಊರಿನ ಪದ್ಧತಿಯೇ. ಇಲ್ಲಿಯ ಇಂಗ್ಲಿಷರೂ ಚಳಿಗಾಲದಲ್ಲಿ ಅದನ್ನು ನಡೆಸುತ್ತಾರೆ. ಪ್ರತಿ ಸಲ ಗೆಲ್ಲುವವರು ಆಚೆಮನೆಯ ಸಾಹೇಬರು. ಈ ವರ್ಷ ಬಿಡಬಾರದೆಂದು ನಮ್ಮ ಸಾಹೇಬರು ಒಂದು ಕಾಯಿಯನ್ನು ಕೂಸಿನ ಹಾಗೆ ಸಾಕಿದರು. ಬಿಸಿಲು ಏರಿದರೆ ತಾವೇ ಛತ್ರಿ ಹಿಡಿದರು. ಒಯ್ಯಲು ಹೊಸ ಗಾಡಿಯೂ ಬಂತು. ಸ್ಪರ್ಧೆಯ ಬೆಳಿಗ್ಗೆ ಕಾಯಿಗೆ ಕೆಂಪು ರಿಬ್ಬನ್ ಕಟ್ಟಿ, ಆಳುಗಳಿಂದ ಗಾಡಿಯ ಮುಂದೆ ಇಡಿಸಿ, ಸ್ನಾನಕ್ಕೆ ಹೋದರು.

ನಮ್ಮವನು ನೋಡಿದ. ಹೊಸ ಗಾಡಿ, ಮುಂದೆ ಕುಂಬಳಕಾಯಿ. ಸಾಹೇಬರ ಭಕ್ತಿಗೆ ಕಣ್ಣು ತುಂಬಿ ಬಂತಂತೆ. ಕುಂಕುಮ ಹಚ್ಚಿದ. ಕಾಯಿ ಎತ್ತಲಾಗದ್ದಕ್ಕೆ ತಾನೇ ಗಾಡಿಯ ಸುತ್ತ ಬಂದು, ಸುತ್ತಿಗೆ ತಂದು ಒಡೆದೇಬಿಟ್ಟ.

ಸಾಹೇಬರು ಟವೆಲಿನಲ್ಲೇ ಓಡಿಬಂದರು. "ಏನು ಮಾಡಿದೆ!"

"ಕೆಟ್ಟ ಕಣ್ಣು ತಾಗಬಾರದಂತ ಒಡದೀನ್ರಿ ಸಾಹೇಬ್ರ. ಹೊಸ ಗಾಡಿ ಬಂದ್ರ ನಮ್ಮಲ್ಲಿ ಒಡೀಲೇಬೇಕು."

ಸಾಹೇಬರು ಮೆಟ್ಟಿಲ ಮೇಲೆ ಕುಸಿದು ಕೂತರು. ಆಚೆಮನೆಯವರ ಕಾಯಿ ಸ್ಪರ್ಧೆಗೆ ಹೊರಡದೆ ಇನ್ನೂ ಅಂಗಳದಲ್ಲೇ ಇತ್ತು. ಅದನ್ನೇ ನೋಡುತ್ತ ಮೆಲ್ಲಗೆ ಕೇಳಿದರಂತೆ:

"ಅವನ ಗಾಡಿಗೆ ಪೂಜೆ ಆಗಿದೆಯಾ?"

ದಣಿದವರು ಕಂಡರೆ ಇದನ್ನು ಅವರ ಕಿವಿಗೂ ಹಾಕಿರಿ. ಆಚೆಮನೆಯ ಸಾಹೇಬರಿಗೆ ಮಾತ್ರ ಬೇಡ.